ಕರುಗಲ್ಲಿಗೆ ಮೊದಲ ಹಿಡಿ ಕಾಳು

ನಮ್ಮ ಪೇಟೆಯನ್ನು ಕಟ್ಟಿದವರು ನಾಲ್ವರು ವರ್ತಕರೆಂದು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದೆ. ಅದು ಸುಳ್ಳು. ಸುಳ್ಳೆಂದು ಬಲ್ಲವರಲ್ಲಿ ನಾನೊಬ್ಬನೇ ಉಳಿದಿರುವುದರಿಂದ ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆಯಲ್ಲಿ, ಗೌರಿಬಿದನೂರಿಗೆ ಈಚೆ, ಮಂಚೇನಹಳ್ಳಿಯ ಕಡೆಯ ಬಯಲಿನಲ್ಲಿ ರೈಲು ನಿಲ್ಲತೊಡಗಿತು. ಕಡಲೆಕಾಯಿ, ಬೆಲ್ಲ, ಈರುಳ್ಳಿ ತುಂಬಿದ ಗಾಡಿಗಳು ಅಲ್ಲಿಗೆ ಬಂದವು. ಅವುಗಳ ಹಿಂದೆಯೇ ಚಿಂತಾಮಣಿಯ ವರ್ತಕರು ಬಂದರು. ಮಳಿಗೆ ಕಟ್ಟಲು ಅವರ ಕಣ್ಣು ಬಿದ್ದದ್ದು ನನ್ನ ಅಜ್ಜಿಯ ರಾಗಿ ಹೊಲದ ಮೇಲೆ. ತಾತ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅವಳೇ ಕುಂಟೆ ಹೊಡೆಸಿ, ಕಳೆ ಕಿತ್ತು ಉಳಿಸಿಕೊಂಡ ನೆಲ ಅದು. ರಸ್ತೆಗೂ ಸಂತೆಗೂ ಬೇಕಾದಷ್ಟನ್ನು ಬಿಟ್ಟುಕೊಡಲು ಅವಳು ಒಪ್ಪಿದಳು. ಷರತ್ತು ಒಂದೇ. ಊರು ಹುಟ್ಟುವಾಗ ಅದರ ನಡುವೆ ನೆಡುವ ಕರುಗಲ್ಲಿನ ಗುಣಿಗೆ ಮೊದಲ ಹಿಡಿ ನವಧಾನ್ಯವನ್ನು ನೆಲದೊಡೆಯರು ಹಾಕುವುದು ನಮ್ಮ ಕಡೆಯ ವಾಡಿಕೆ. ಆ ಹಿಡಿ ತನ್ನದಾಗಬೇಕು.

ವರ್ತಕರ ಹಿರಿಯ ನಮ್ಮ ಜಗಲಿಯಲ್ಲಿ ಕುಳಿತು, ನಮ್ಮ ಮಜ್ಜಿಗೆ ಕುಡಿದು, ಹೀಗೆಂದ: “ಗಂಡ ಇಲ್ದೋಳ ಕೈಯಿಂದ ಊರು ಶುರು ಮಾಡೋಕಾಗ್ತದಾ ಅಮ್ಮಯ್ಯ? ನಿನ್ನ ಮೊಮ್ಮಗ ಹಾಕ್ಲಿ ಬಿಡು, ಮೇಷ್ಟ್ರಾಗವ್ನೆ.”

“ಕಳೆ ಕಿತ್ತಿದ್ದು ಅವನಲ್ಲ ಕಣಪ್ಪ,” ಎಂದಳು ಅಜ್ಜಿ.

ಅವರು ನಮ್ಮ ಹೊಲವನ್ನೇ ಕೈಬಿಟ್ಟರು. ಹಳಿಯ ಪಕ್ಕದ ಖಾಲಿ ಜಾಗವೇ ಊರಿನ ನಡು ಎಂದು ತೀರ್ಮಾನಿಸಿ, ಪುರೋಹಿತರನ್ನು ಕರೆಸಿ ಕಲ್ಲು ನೆಟ್ಟರು. ನಮಗೆ ಕರೆ ಬರಲಿಲ್ಲ. ಅಂದಿನ ಕೋಸಂಬರಿ ಪಕ್ಕದ ಮನೆಯವರೆಗೆ ಬಂದು ಅಲ್ಲಿಯೇ ನಿಂತಿತು. ಆ ಜಾಗ ರೈಲ್ವೆಯದೋ ಎಂದು ಒಬ್ಬನಾದರೂ ವಿಚಾರಿಸಿರಲಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಹಳಿ ಕೆಲಸದ ಆಳುಗಳು ಅದನ್ನು ಯಾರೋ ನೆಟ್ಟ ಬೇಲಿಕಲ್ಲೆಂದು ಬಗೆದು, ಹಾರೆಯಿಂದ ಮೀಟಿ, ಚರಂಡಿಗೆ ಅಡ್ಡ ಹಾಸಿದರು.

ಕರುಗಲ್ಲು ಕಿತ್ತುಹೋದರೆ ಊರು ನಿಲ್ಲದೆಂಬುದು ನಂಬಿಕೆ. ಗಾಡಿಯವರು ಅಲ್ಲಿ ಎತ್ತು ಬಿಚ್ಚಲು ಹೆದರಿದರು. ವರ್ತಕರು ಮತ್ತೆ ನಮ್ಮ ಜಗಲಿ ಹತ್ತಿದರು. ಈ ಬಾರಿ ಮಜ್ಜಿಗೆ ಬರಲಿಲ್ಲ.

“ಹೊಲ ಅಲ್ಲೇ ಐತೆ, ನನ್ನ ಕೈನೂ ಇಲ್ಲೇ ಐತೆ,” ಎಂದಳು ಅಜ್ಜಿ. “ಎರಡೂ ಬೇಕಾದ್ರೆ ಹೇಳ್ರಿ, ಬರ್ತೀನಿ.”

ಒಪ್ಪದೆ ಗತಿಯಿರಲಿಲ್ಲ. ಹೊಲದ ನಡುವೆ ಗುಣಿ ತೋಡಿದರು. ಅಜ್ಜಿ ಮೊದಲ ಹಿಡಿ ಕಾಳು ಹಾಕಿ ಹಿಂದೆ ಸರಿದಳು. ಒಡನೆಯೇ ಆ ಹಿರಿಯ, ವಿಧವೆಯ ಕೈ ಸೋಕಿದ್ದನ್ನು ತೊಳೆಯಲೆಂದು, ಒಂದು ತಂಬಿಗೆ ಗಂಜಲ ಬೆರೆಸಿದ ನೀರನ್ನು ಗುಣಿಗೆ ಸುರಿದ. ಮೊದಲೇ ಬೆರೆಸಿ ತಂದಿದ್ದ. ನೆರೆದವರೆಲ್ಲ ಕಂಡರು, ಯಾರೂ ಮಾತಾಡಲಿಲ್ಲ. ಇಪ್ಪತ್ತಮೂರು ವರ್ಷದ ಮೇಷ್ಟ್ರು ನಾನೂ ಮಾತಾಡಲಿಲ್ಲ. ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿಯೇ ಬರೆಯುತ್ತಿದ್ದೇನೆ.

ಅಜ್ಜಿ ಹಿಂದಿರುಗಿ ಬಂದು ಗುಣಿಯನ್ನು ಬಗ್ಗಿ ನೋಡಿದಳು.

“ಇನ್ನೊಂದು ತಂಬಿಗೆ ಹಾಕಪ್ಪ, ಸಾಲ್ದು. ಬಿತ್ತಿದೋಳು ನಾನು, ನೀರು ಕಟ್ಟೋ ಆಳು ನೀನು.”

ಗಾಡಿಯವರ ಗುಂಪಿನಲ್ಲಿ ನಗು ಎದ್ದಿತು. ಮುಂದಿನ ಸಂತೆಗೆ ಅವರು ಎತ್ತು ಬಿಚ್ಚಿದ್ದು ಆ ಗುಣಿಯಲ್ಲಿ ನೆಟ್ಟ ಕಲ್ಲಿನ ಪಕ್ಕದಲ್ಲಿಯೇ.