ಹದಿನಾರರ ಹಟ

ಕೋವಿ ಹಿಡಿಯುವವರು ಇಬ್ಬರು ಸೇರಿದರೆ ಊರು ಯಾವುದು, ಕೆಲಸ ಏನು ಎಂದು ಮೊದಲು ಕೇಳುವುದಿಲ್ಲ. ಬೋರು ಯಾವುದು ಎಂದು ಕೇಳುತ್ತಾರೆ. ನಾನು ಹದಿನಾರು ಬೋರಿನವಳು. ಹಾಗೆ ಹೇಳುವಾಗ ನನ್ನ ಗದ್ದ ತುಸು ಮೇಲೇಳುತ್ತದೆ ಎಂದು ನನ್ನ ಗಂಡ ಹಾಸ್ಯ ಮಾಡುತ್ತಾರೆ. ಏಳಲಿ. ಇಂಗ್ಲೆಂಡಿನ ಡರ್ಬಿಯ ಸುತ್ತಲಿನ ಹೊಲಗಳಲ್ಲಿ ನಾನು ತಿರುಗಾಡಿದ ಆ ವರ್ಷಗಳಲ್ಲಿ ಎಲ್ಲರ ಕೈಯಲ್ಲೂ ಹನ್ನೆರಡು ಬೋರಿನ ಕೋವಿ, ಅಲ್ಲೊಂದು ಇಲ್ಲೊಂದು ಇಪ್ಪತ್ತು. ಹದಿನಾರು ನನ್ನದೊಂದೇ.

ಬೋರು ಎಂದರೆ ನಳಿಗೆಯ ಅಗಲದ ಲೆಕ್ಕ. ಒಂದು ಪೌಂಡ್ ಸೀಸ ಕರಗಿಸಿ ಹನ್ನೆರಡು ಸಮನಾದ ಗುಂಡು ಮಾಡಿದರೆ, ಅದರಲ್ಲೊಂದು ಗುಂಡು ಎಷ್ಟು ಅಗಲವೋ ಅಷ್ಟು ಅಗಲದ ನಳಿಗೆ ಹನ್ನೆರಡು ಬೋರಿನದು. ಹದಿನಾರು ಗುಂಡು ಮಾಡಿದರೆ ಹದಿನಾರು ಬೋರು. ಹಾಗಾಗಿ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಕೇಳಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ನನಗೆ ಹಾಗೆ ಅನ್ನಿಸಲೇ ಇಲ್ಲ, ಏಕೆಂದರೆ ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಕೈನರಕ್ಕೆ ಹಾಕುವ ಕ್ಯಾನುಲಾ ಎಂಬ ಕೊಳವೆಸೂಜಿಗಳಲ್ಲೂ ಅಂಕಿ ಏರಿದಷ್ಟು ಗಾತ್ರ ಇಳಿಯುತ್ತದೆ. ಹದಿನಾರು ದಪ್ಪ, ಇಪ್ಪತ್ತು ತೆಳು. ಯಾರಿಗೂ ಗೊಂದಲವಾಗದಿರಲೆಂದು ಒಂದೊಂದಕ್ಕೆ ಒಂದೊಂದು ಬಣ್ಣ: ಹದಿನಾರಕ್ಕೆ ಬೂದು, ಇಪ್ಪತ್ತಕ್ಕೆ ಗುಲಾಬಿ. ಈ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕೈಗೆ ಒಗ್ಗಿದ ಒಂದು ಅಳತೆ ಇರುತ್ತದೆ. ನನ್ನದು ಬೂದು. ಟ್ರೇಯಲ್ಲಿ ಏನೇನಿದ್ದರೂ ನನ್ನ ಬೆರಳು ಮೊದಲು ಅದನ್ನೇ ಹುಡುಕುತ್ತದೆ.

ಆದರೆ ಹದಿನಾರರ ಹುಚ್ಚು ಆಸ್ಪತ್ರೆಯಲ್ಲಿ ಹತ್ತಿದ್ದಲ್ಲ. ಅಪ್ಪ ಚಿತ್ರದುರ್ಗದ ಕಡೆ ಪಶುವೈದ್ಯರಾಗಿದ್ದರು. ಅವರ ಬಳಿ ಒಂದು ಜೋಡುನಳಿಗೆ ಕೋವಿ ಇತ್ತು, ಹದಿನಾರು ಬೋರಿನದು. ಅದನ್ನು ಅವರು ಆರಿಸಿ ತಂದದ್ದೇನೂ ಅಲ್ಲ. ನಿವೃತ್ತರಾದ ಅಧಿಕಾರಿಯೊಬ್ಬರು ಮಾರುತ್ತಿದ್ದರು, ಇವರು ಕೊಂಡರು, ಅಷ್ಟೇ. ಬೇಟೆಗೆ ನಿಷೇಧ ಬಂದಾಗ ಅಪ್ಪ ಬೇಟೆ ಬಿಟ್ಟರು, ಕೋವಿ ಬಿಡಲಿಲ್ಲ. ಒಣಗಿದ ಸೋರೆಬುರುಡೆಗಳನ್ನು ಖಾಲಿ ಕೆರೆಯಂಗಳಕ್ಕೆ ಹೊತ್ತೊಯ್ದು, ಗಾಳಿಗೆ ಎಸೆದು, ನನ್ನಿಂದ ಹೊಡೆಸುತ್ತಿದ್ದರು.

"ಕೋವಿ ನೋಡಬ್ಯಾಡ ಕಣವ್ವ, ಬುರುಡೆ ನೋಡು. ಕೋವಿ ತಾನಾಗಿ ಬತ್ತದೆ" ಅನ್ನುತ್ತಿದ್ದರು.

ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು. ಅದು ಹೋದ ದಿನ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಬಂದ ದಿನ ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ, ಬಿಚ್ಚಿ, ಎಣ್ಣೆ ಹಚ್ಚಿ ಒರೆಸುತ್ತಿದ್ದರು. ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮ್ ಎಂದು ಕೆತ್ತಿತ್ತು. ಕಣ್ಣು ಮಂಜಾದ ಮೇಲೆ ಲೈಸೆನ್ಸನ್ನೂ ಕೋವಿಯನ್ನೂ ತಾವೇ ಸರ್ಕಾರಕ್ಕೆ ಒಪ್ಪಿಸಿ ಬಂದರು. ಆಗ ನಾನು ಇಂಗ್ಲೆಂಡಿನಲ್ಲಿದ್ದೆ. ಫೋನಿನಲ್ಲಿ ಆ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದರು.

ಅದಾದ ಮೇಲೆ ಒಂದು ಶನಿವಾರ ಬರ್ಮಿಂಗ್‌ಹ್ಯಾಮಿನ ಹಳೆಯ ಕೋವಿಗಳ ಅಂಗಡಿಯೊಂದಕ್ಕೆ ಹೋದೆ. ಕೊಳ್ಳುವ ಉದ್ದೇಶವಿರಲಿಲ್ಲ ಎಂದು ಗಂಡನಿಗೆ ಹೇಳಿದ್ದೆ. ಸುಳ್ಳು. ಮೂಲೆಯಲ್ಲಿ ಒಂದು ಜೋಡುನಳಿಗೆಯ ಹದಿನಾರು ನಿಂತಿತ್ತು. ಇದಕ್ಕೆ ತೋಟಾ ಸಿಗುವುದೇ ಕಷ್ಟ, ಯಾರೂ ಕೇಳುವುದಿಲ್ಲ ಎಂದು ಅಂಗಡಿಯವನೇ ಎಚ್ಚರಿಸಿದ. ಎತ್ತಿ ಭುಜಕ್ಕಿಟ್ಟೆ. ಕೆನ್ನೆ ಮರದ ಹಿಡಿಯ ಮೇಲೆ ತಾನಾಗಿ ಹೋಗಿ ಕೂತಿತು. ಅಮ್ಮನ ಕೈಸಾರಿನ ಉಪ್ಪಿಗೆ ನಾಲಿಗೆ ಒಗ್ಗಿದರೆ ಮಿಕ್ಕವರ ಸಾರೆಲ್ಲ ಹೆಚ್ಚು ಇಲ್ಲವೇ ಕಡಿಮೆ ಅನ್ನಿಸುತ್ತದಲ್ಲ, ಕೋವಿಯದೂ ಅದೇ ಕತೆ. ಹನ್ನೆರಡು ಭಾರ, ಇಪ್ಪತ್ತು ಹಗುರ, ಹದಿನಾರು ಸರಿ. ಲೋಕಕ್ಕೆ ಇದು ಸತ್ಯವೋ ಅಲ್ಲವೋ, ನನ್ನ ಭುಜಕ್ಕೆ ಸತ್ಯ.

ಅದಕ್ಕೆ ಮುಂಚೆಯೇ ಪೊಲೀಸರು ಮನೆಗೆ ಬಂದು ವಿಚಾರಿಸಿ ಕೋವಿಯ ಸರ್ಟಿಫಿಕೇಟು ಕೊಟ್ಟಿದ್ದಾಗಿತ್ತು, ಮೆಟ್ಟಿಲ ಕೆಳಗೆ ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಬೀರುವೂ ಬಂದಿತ್ತು. ನನ್ನ ಗಂಡ ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ಮೊಟ್ಟೆಯನ್ನೂ ಮುಟ್ಟದ ಮನೆತನ.

"ದೇವರ ಮಂಟಪಕ್ಕಿನ್ನೂ ಜಾಗ ನೋಡಿಲ್ಲ, ಕೋವಿಗೆ ಆಗಲೇ ಗರ್ಭಗುಡಿ ಆಯ್ತಲ್ಲೇ" ಎಂದರು.

"ಮಂಟಪಕ್ಕೆ ಪೊಲೀಸ್ ಪರ್ಮಿಷನ್ ಬೇಡ ಕಣ್ರೀ, ಯಾವಾಗ ಬೇಕಾದ್ರೂ ಇಡಬಹುದು" ಎಂದೆ.

ಭಾನುವಾರಗಳಲ್ಲಿ ಊರಾಚೆಯ ಮೈದಾನಕ್ಕೆ ಹೋಗುತ್ತಿದ್ದೆ. ಅಲ್ಲಿ ಯಂತ್ರವೊಂದು ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತದೆ, ನಾವು ಹೊಡೆಯಬೇಕು. ಸೋರೆಬುರುಡೆ ಹೊಡೆದವಳಿಗೆ ಅದೇನು ಮಹಾ. ಅಲ್ಲಿ ನನ್ನನ್ನು ನೋಡಿದವರು ಕ್ಯಾಪ್ಟನ್. ಸೇನೆಯ ಕ್ಯಾಪ್ಟನ್ ಅಲ್ಲ, ಬೆಟ್ಟದ ಬದಿಯ ರೈತ. ಅವರ ಜಮೀನಿನಲ್ಲಿ ಪ್ರತಿ ಚಳಿಗಾಲ ಒಂದು ಗುಂಪು ಸೇರಿ ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಗಳ ಬೇಟೆಯಾಡುತ್ತದೆ. ಅದರ ಮುಖಂಡನಿಗೆ ಅಲ್ಲಿ ಕ್ಯಾಪ್ಟನ್ ಎನ್ನುವುದು ರೂಢಿ. ಡರ್ಬಿಯವರು ಕಂಡವರನ್ನೆಲ್ಲ ಡಕ್ ಎಂದು ಅಕ್ಕರೆಯಿಂದ ಕರೆಯುತ್ತಾರೆ. ಡಾಕ್ಟರಾದ ನಾನೂ ಅವರಿಗೆ ಡಕ್.

"ಬೀಟರ್ ಆಗಿ ಬರ್ತೀಯಾ, ಡಕ್?" ಎಂದರು.

ಬೀಟರ್ ಎಂದರೆ ಕೋವಿಯಿಲ್ಲದೆ, ಕೋಲು ಹಿಡಿದು ಪೊದೆ ಬಡಿದು ಹಕ್ಕಿ ಎಬ್ಬಿಸುವವರು. ಆಚೆ ತುದಿಯಲ್ಲಿ ಕೋವಿ ಹಿಡಿದವರು ಸಾಲಾಗಿ ನಿಂತಿರುತ್ತಾರೆ. ಹೋದೆ. ಗೊಬ್ಬರದ ಚೀಲ ಕತ್ತರಿಸಿ ಕೋಲಿಗೆ ಕಟ್ಟಿದ ಬಾವುಟ ಬೀಸುತ್ತ, ಮುಳ್ಳು ಪೊದೆಗಳಲ್ಲಿ ನುಗ್ಗಿದೆ. ದಿನದ ಕೊನೆಗೆ ಬೀಟರುಗಳಿಗೆ ಒಂದು ಜೊತೆ ಹಕ್ಕಿ ಕೊಡುತ್ತಾರೆ. ಅದನ್ನು ನಮ್ಮ ಕಡೆ ಕೌಜುಗಕ್ಕೆ ಮಾಡುವಂತೆ ಮೆಣಸು ಕೊತ್ತಂಬರಿ ಹುರಿದು ಸಾರು ಮಾಡಿ, ಮುದ್ದೆ ಕಟ್ಟಿ ಉಣ್ಣುತ್ತಿದ್ದೆ. ಅಡುಗೆ ಗರಾಜಿನಲ್ಲಿ, ಬೇರೆ ಒಲೆ, ಬೇರೆ ಪಾತ್ರೆ. ಅದು ನಮ್ಮ ಸಂಸಾರದ ಒಪ್ಪಂದ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಒಂದು ಜಾಗ ಖಾಲಿಯಾಯಿತು. ಕ್ಯಾಪ್ಟನ್ ನನ್ನನ್ನು ಕರೆದರು. ಬೀಟರಿನಿಂದ ಸಾಲಿಗೆ ಏರುವುದು, ಅದೂ ಹೆಂಗಸು, ಅದೂ ನನ್ನ ಬಣ್ಣದ ಹೆಂಗಸು, ಆ ಬೆಟ್ಟದಲ್ಲಿ ಹಿಂದೆ ನಡೆದದ್ದಿಲ್ಲ.

"ಜಾಗ ನಿನ್ನದು. ಆದರೆ ಆ ಹದಿನಾರು ಬೇಡ. ನನ್ನ ಹೆಂಡತಿಯ ಇಪ್ಪತ್ತು ಬೋರಿನ ಕೋವಿ ಸುಮ್ಮನೆ ಕೂತಿದೆ, ಅದನ್ನು ಹಿಡಿ. ಹಗುರ, ತೆಳು, ಹೆಂಗಸರಿಗೆ ಸರಿಹೋಗುತ್ತೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಮಾತಿನಲ್ಲಿ ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹರೆಯದಲ್ಲಿ ಅವರ ಕಣ್ಣೆದುರಿಗೇ ಒಬ್ಬಾತನ ನಳಿಗೆ ಸಿಡಿದಿತ್ತು. ಸಣ್ಣ ಬೋರಿನ ತೋಟಾ ದೊಡ್ಡ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡಿದ್ದು ತಿಳಿಯದೆ, ಹಿಂದಿನಿಂದ ಇನ್ನೊಂದನ್ನು ತುಂಬಿ ಹೊಡೆದಿದ್ದ. ಬೆರಳುಗಳು ಹೋದವು. ಅದಕ್ಕೇ ಇಪ್ಪತ್ತರ ತೋಟಾ ಹಳದಿ ಇರುತ್ತದೆ, ಕಂಡ ಕೂಡಲೇ ಗೊತ್ತಾಗಲೆಂದು.

"ಹಳದಿ ಎಲ್ಲರಿಗೂ ಗೊತ್ತು. ಹದಿನಾರಕ್ಕೆ ಬಣ್ಣ ಇಲ್ಲ. ನನ್ನ ಸಾಲಿನಲ್ಲಿ ಮೂರನೇ ಬಗೆಯ ತೋಟಾ ಬೇಡ" ಎಂದರು.

ಆ ಇಪ್ಪತ್ತನ್ನು ಒಂದು ಭಾನುವಾರ ಮೈದಾನಕ್ಕೆ ಒಯ್ದು ನೋಡಿದೆ. ತಪ್ಪಿ ತಪ್ಪಿ ಹೊಡೆದೆ ಎಂದು ಬರೆದರೆ ಕತೆಗೆ ಚೆನ್ನ. ನಿಜವೆಂದರೆ ಚೆನ್ನಾಗಿಯೇ ಹೊಡೆದೆ. ಬಿಲ್ಲೆಗಳು ಒಡೆದವು, ಪಕ್ಕದವರು ಭೇಷ್ ಎಂದರು. ಆದರೆ ಹೊಡೆದದ್ದು ನಾನು ಎಂದು ಅನ್ನಿಸಲೇ ಇಲ್ಲ. ಭುಜ ಯಾರದೋ ಮನೆಯ ಕುರ್ಚಿಯಲ್ಲಿ ಕೂತಂತೆ ಸಂಕೋಚದಲ್ಲಿತ್ತು. ಅಪ್ಪ ಒಪ್ಪಿಸಿ ಬಂದ ಕೋವಿಯನ್ನು ನಾನು ಮತ್ತೆ ಕೈಗೆತ್ತಿಕೊಂಡಿದ್ದೇನೆ ಎಂಬ ಭಾವ ನನ್ನ ಹದಿನಾರರಲ್ಲಿ ಇತ್ತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹಗುರದ್ದೊಂದನ್ನು ಹಿಡಿದು ಸಾಲಿನಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ. ಇಪ್ಪತ್ತನ್ನು ಒರೆಸಿ ಎಣ್ಣೆ ಹಚ್ಚಿ ವಾಪಸ್ ಕೊಟ್ಟೆ.

"ಹದಿನಾರು ಇಲ್ಲದಿದ್ದರೆ ನಾನೂ ಇಲ್ಲ, ಕ್ಯಾಪ್ಟನ್. ಬೀಟರ್ ಆಗಿಯೇ ಇರ್ತೀನಿ" ಎಂದೆ.

"ಹಟಮಾರಿ" ಎಂದರು ಅವರು. ಜಾಗ ಬೇರೆಯವರಿಗೆ ಹೋಯಿತು.

ಮುಂದಿನ ಎರಡು ಚಳಿಗಾಲ ಗೊಬ್ಬರದ ಚೀಲವನ್ನೇ ಬೀಸಿದೆ. ನಾನು ಎಬ್ಬಿಸಿದ ಹಕ್ಕಿ ತಲೆಯ ಮೇಲೆ ಎತ್ತರಕ್ಕೆ ಏರುವಾಗ ಬಲಭುಜ ತಾನಾಗಿ ಮುಂದಕ್ಕೆ ಬರುತ್ತಿತ್ತು. ಆಚೆ ಸಾಲಿನವರು ತಪ್ಪಿ ಹೊಡೆದಾಗ ಹಲ್ಲು ಕಚ್ಚುತ್ತಿದ್ದೆ. ಹೊಟ್ಟೆ ಉರಿಯಿತು ಎಂದೇ ಹೇಳುತ್ತೇನೆ. "ಇಪ್ಪತ್ತಕ್ಕೂ ಹದಿನಾರಕ್ಕೂ ಏನೇ ಅಂಥಾ ವ್ಯತ್ಯಾಸ?" ಎಂದು ಗಂಡ ಕೇಳಿದರು. ನಿಮಗೆ ಸಂಜೆ ಕಾಫಿಗೆ ಬದಲು ಟೀ ಕೊಟ್ಟರೆ ಏನು ವ್ಯತ್ಯಾಸವೋ ಅಷ್ಟೇ ಎಂದೆ.

ಆ ಎರಡನೆಯ ಚಳಿಗಾಲ ಕಳೆದ ಮೇಲೆ ಕ್ಯಾಪ್ಟನ್ನರ ಸೊಂಟದ ಕೀಲು ಪೂರ್ತಿ ಸವೆದು, ಬದಲಿಸಲು ನಮ್ಮ ಆಸ್ಪತ್ರೆಗೇ ಬಂದರು. ಸರದಿ ಪಟ್ಟಿಯ ಪ್ರಕಾರ ಅಂದಿನ ಆಪರೇಷನ್ ಥಿಯೇಟರು ನನ್ನದು. ರೋಗಿಯ ವಿಷಯ ಹೊರಗೆ ಹೇಳುವವಳು ನಾನಲ್ಲ. ಮುಂದೆ ನಡೆದದ್ದನ್ನು ಅವರೇ ಪಬ್ಬಿನಲ್ಲಿ ಎಲ್ಲರಿಗೂ ಹೇಳಿ, ನೀನೂ ಹೇಳಿಕೋ ಎಂದು ಒಪ್ಪಿಗೆ ಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ.

ಅರಿವಳಿಕೆ ಕೋಣೆಯಲ್ಲಿ ಟ್ರಾಲಿಯ ಮೇಲೆ ಮಲಗಿದ್ದರು. ಹಗ್ಗದಂಥ ನರಗಳ ರೈತನ ಕೈ. ಮುಖ ಮಾತ್ರ ಬಿಳಿಚಿಕೊಂಡಿತ್ತು. ಹಸಿರು ಟೋಪಿಯೊಳಗೆ ನಾನೆಂದು ಗುರುತಾದಾಗ ಸ್ವಲ್ಪ ಜೀವ ಬಂತು. ನನ್ನ ಕೈಯಲ್ಲಿದ್ದುದನ್ನು ನೋಡಿ ಮತ್ತೆ ಹೋಯಿತು.

"ಅದೇನು ದಬ್ಬಳ ತಂದಿದ್ದೀಯಾ, ಡಕ್?"

"ಕ್ಯಾನುಲಾ. ನರಕ್ಕೆ ಹಾಕೋದು."

"ಎಷ್ಟು ದಪ್ಪ?"

"ಹದಿನಾರು."

ಅವರು ಕಣ್ಣು ಮುಚ್ಚಿ ತೆರೆದರು. "ಇಪ್ಪತ್ತು ಇಲ್ವಾ ನಿನ್ನ ಹತ್ತಿರ?"

"ಇದೆ" ಎಂದೆ. "ಹಗುರ, ತೆಳು. ಹೆಂಗಸರಿಗೆ ಸರಿಹೋಗುತ್ತೆ."

ಬೇಕಾದಾಗ ಹೆಂಗಸರಿಗೂ ನಾನು ಹದಿನಾರನ್ನೇ ಹಾಕುತ್ತೇನೆ. ಆದರೆ ಆ ಮಾತು ಎರಡು ಚಳಿಗಾಲದಿಂದ ನನ್ನ ಬಾಯಲ್ಲೇ ಕಾದು ಕೂತಿತ್ತು. ಕ್ಯಾಪ್ಟನ್ ಟ್ರಾಲಿ ಅಲುಗಾಡುವಂತೆ ನಕ್ಕರು. ಪಕ್ಕದಲ್ಲಿದ್ದ ನರ್ಸಿಗೆ ಏನೂ ಅರ್ಥವಾಗಲಿಲ್ಲ. ಕೈ ಅಲುಗಿಸಬೇಡಿ ಎಂದು ಗದರಿಸಿ, ಒಂದೇ ಸಲಕ್ಕೆ ಹಾಕಿದೆ. ಅವರಿಗೆ ನೋವು ಅಷ್ಟಾಗಿ ತಿಳಿಯಲಿಲ್ಲ, ಏಕೆಂದರೆ ಮರಗಟ್ಟಿಸುವ ಮದ್ದನ್ನು ಅಲ್ಲಿ ಮೊದಲೇ ಚುಚ್ಚಿದ್ದೆ. ಅದನ್ನು ಪಬ್ಬಿನಲ್ಲಿ ಅವರು ಹೇಳುವುದಿಲ್ಲ.

ನಗು ಇಳಿದ ಮೇಲೆ ಕೈ ಎತ್ತಿ ನೋಡಿಕೊಂಡರು.

"ಇದಕ್ಕೆ ಬಣ್ಣ ಇದೆಯಲ್ಲ."

"ಇದೆ. ಬೂದು. ಈ ಆಸ್ಪತ್ರೆಯಲ್ಲಿ ಯಾರು ನೋಡಿದರೂ ಹದಿನಾರು ಅಂತ ಗೊತ್ತಾಗುತ್ತೆ."

ಬೆನ್ನಿಗೆ ಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವವರೆಗೂ ಆ ಬೂದು ತುದಿಯನ್ನೇ ನೋಡುತ್ತಿದ್ದರು. ಕೀಲು ಚೆನ್ನಾಗಿ ಕೂತಿತು.

ಬೇಸಿಗೆಯಲ್ಲಿ ಅವರ ಫೋನು ಬಂತು. ಹದಿನಾರರ ಎರಡು ಖಾಲಿ ತೋಟಾ ಬೇಕಿತ್ತು, ಕಳಿಸು ಎಂದರು. ಯಾಕೆ ಎಂದರೆ ಸುಮ್ಮನೆ ಎಂದರು. ನಡೆದಾಡುವಷ್ಟು ಚೇತರಿಸಿಕೊಂಡಿದ್ದರೂ ಹೊಲದ ಕೆಲಸಕ್ಕೆ ಮನೆಯವರು ಬಿಡುತ್ತಿರಲಿಲ್ಲ, ಹೊತ್ತು ಹೋಗದೆ ಏನೋ ಮಾಡುತ್ತಿದ್ದಾರೆ ಅಂದುಕೊಂಡೆ. ಕಳಿಸಿದೆ.

ಚಳಿಗಾಲದ ಮೊದಲ ಬೇಟೆಯ ಬೆಳಿಗ್ಗೆ ಎಂದಿನಂತೆ ನನ್ನ ಕೋಲು, ಗೊಬ್ಬರದ ಚೀಲ ಹಿಡಿದು ಅವರ ಅಂಗಳಕ್ಕೆ ಹೋದೆ. "ಕಾರಿನಲ್ಲಿ ಹದಿನಾರು ಇದೆಯಾ?" ಎಂದು ಕೇಳಿದರು. ಇರಲಿಲ್ಲ. ಮನೆಗೆ ಹೋಗಿ ತಾ ಎಂದರು. ತಂದು ನಿಂತಾಗ ನನ್ನ ಕೈಗೊಂದು ತೋಟಾ ಬೆಲ್ಟು ಕೊಟ್ಟರು. ಬೂದು ಬಣ್ಣ ಬಳಿದ ಚರ್ಮ, ದಪ್ಪ ದಾರದ ಸೊಟ್ಟ ಹೊಲಿಗೆ. ಒಂದೊಂದು ಕುಣಿಕೆಯನ್ನೂ ಆ ಖಾಲಿ ತೋಟಾಗಳ ಮೇಲಿಟ್ಟು ಅಳೆದು ಹೊಲಿದಿದ್ದರು. ಹದಿನಾರು ಬಿಗಿಯಾಗಿ ಕೂರುತ್ತಿತ್ತು. ಹನ್ನೆರಡನ್ನು ತುರುಕಿ ನೋಡಿದೆ, ಹೋಗಲಿಲ್ಲ. ಇಪ್ಪತ್ತನ್ನು ಇಟ್ಟರೆ ಸಡಿಲವಾಗಿ ಜಾರಿ ಬಿತ್ತು. ಹೊಲಿಗೆ ಸೊಟ್ಟಗಿದೆ ಎಂದು ಮಾತ್ರ ಹೇಳಿದೆ.

"ಸರ್ಜನ್ ಹಾಕಿದ ಹೊಲಿಗೆಯೂ ಸೊಟ್ಟಗೇ ಇದೆ, ನಡೀತೀನಲ್ಲ" ಎಂದರು.

ಬೇಟೆಗೆ ಮೊದಲು ಕ್ಯಾಪ್ಟನ್ ಎಲ್ಲರನ್ನೂ ನಿಲ್ಲಿಸಿ ಸುರಕ್ಷತೆಯ ನಿಯಮ ಹೇಳುವುದು ವಾಡಿಕೆ. ತೀರ ಕೆಳಗೆ ಹಾರುವ ಹಕ್ಕಿಗೆ ಹೊಡೆಯಬಾರದು, ಸೀಟಿ ಊದಿದ ಮೇಲೆ ಕೋವಿ ಮಡಿಚಿ ತೋಟಾ ತೆಗೆದಿರಬೇಕು, ಇತ್ಯಾದಿ. ಅಂದು ಕೊನೆಯಲ್ಲಿ ಒಂದು ಸೇರಿತು.

"ಹಳದಿ ಅಂದ್ರೆ ಇಪ್ಪತ್ತು. ಬೂದು ಅಂದ್ರೆ ಹದಿನಾರು. ಬೂದು ಡಾಕ್ಟರದ್ದು, ಬೇರೆ ಯಾರೂ ಮುಟ್ಟಬಾರದು."

ಎಲ್ಲರೂ ನನ್ನ ಸೊಂಟದ ಕಡೆ ನೋಡಿದರು. ನನ್ನ ಗದ್ದ ಎಷ್ಟು ಮೇಲಿತ್ತೋ ಗೊತ್ತಿಲ್ಲ.

ಸಾಲಿನ ತುದಿಯಲ್ಲಿ ನಿಂತೆ. ಆಚೆ ಮರಗಳಲ್ಲಿ ಬೀಟರುಗಳ ಕೋಲಿನ ಸದ್ದು. ಮೊದಲ ಹಕ್ಕಿ ತೀರ ಕೆಳಗೆ ಬಂತು, ಬಿಟ್ಟೆ. ಎರಡನೆಯದು ಮರದ ತುದಿ ದಾಟಿ ಎತ್ತರಕ್ಕೆ ಏರಿತು. ಕೋವಿ ನೋಡಲಿಲ್ಲ, ಹಕ್ಕಿ ನೋಡಿದೆ. ಮೊದಲ ನಳಿಗೆಗೆ ತಪ್ಪಿತು. ಎರಡನೆಯದಕ್ಕೆ ಬಿತ್ತು.

ಸೀಟಿ ಊದಿದ ಮೇಲೆ ಖಾಲಿ ತೋಟಾಗಳನ್ನು ಹುಲ್ಲಿನಿಂದ ಆರಿಸಿ ಚೀಲಕ್ಕೆ ಹಾಕಬೇಕು. ಬಗ್ಗಲಾಗದ ಕ್ಯಾಪ್ಟನ್ ತುದಿಗೆ ಅಯಸ್ಕಾಂತ ಕಟ್ಟಿದ ಕೋಲು ಹಿಡಿದು ಸಾಲಿನುದ್ದಕ್ಕೂ ಬಂದರು. ಎಲ್ಲರ ತೋಟಾಗಳನ್ನೂ ಎತ್ತಿ ಒಂದೇ ಚೀಲಕ್ಕೆ ಹಾಕುತ್ತಿದ್ದರು. ನನ್ನ ಬಳಿ ಬಂದಾಗ ಕೋಲಿಗೆ ಅಂಟಿದ್ದ ಎರಡನ್ನೂ ಬಿಡಿಸಿ ನನ್ನ ಅಂಗೈಗಿಟ್ಟು ಮುಂದೆ ಹೋದರು. ಯಾರವು ಎಂದು ಅವರು ಕೇಳಬೇಕಾಗಿರಲಿಲ್ಲ.