ಕ್ಯಾಪ್ಟನ್ ಅಕ್ಕನ ಮೋಟಾರು

ನಮ್ಮ ಅಕ್ಕನನ್ನು ದೋಣಿಕಟ್ಟೆಯವರು ‘ಕ್ಯಾಪ್ಟನ್’ ಎಂದು ಕರೆಯಲು ಶುರುಮಾಡಿದ್ದು ಗೌರವದಿಂದೇನಲ್ಲ. ಸೊಂಟ ಹಿಡಿದುಕೊಂಡು ಅಪ್ಪ ಹುಟ್ಟು ಕೆಳಗಿಟ್ಟ ವಾರವೇ ಅಕ್ಕ ಅದನ್ನು ಎತ್ತಿಕೊಂಡಳು. ಹೆಂಗಸೊಬ್ಬಳು ಹೊಳೆ ದಾಟಿಸುತ್ತಾಳಂತೆ ಎಂದು ಹಲ್ಲು ಕಿರಿಯುವವರಿಗೆ ಒಂದು ಅಡ್ಡಹೆಸರು ಬೇಕಿತ್ತು, ಇಟ್ಟರು. ಅಕ್ಕ ಬಣ್ಣದ ಡಬ್ಬಿ ತಂದು ದೋಣಿಯ ಎರಡೂ ಮಗ್ಗುಲಿಗೆ ದಪ್ಪಕ್ಷರದಲ್ಲಿ ‘ಕ್ಯಾಪ್ಟನ್’ ಎಂದು ಬರೆದುಬಿಟ್ಟಳು. ಆಮೇಲೆ ಆ ಹೆಸರು ಹಿಡಿದು ಅವಳ ಕಾಲೆಳೆಯಲು ಯಾರಿಗೂ ರುಚಿಯೇ ಉಳಿಯಲಿಲ್ಲ.

ಕೆಲವು ವರ್ಷ ಹುಟ್ಟು ಹಾಕಿ ರಟ್ಟೆ ಗಟ್ಟಿಮಾಡಿಕೊಂಡ ಮೇಲೆ, ಯಾರೋ ಬಳಸಿ ಬಿಟ್ಟಿದ್ದ ಸಣ್ಣ ಮೋಟಾರೊಂದನ್ನು ತಂದು ದೋಣಿಯ ಹಿಂಬದಿಗೆ ಬಿಗಿದಳು. ಆಚೆ ದಡದ ಔಷಧಿ ಅಂಗಡಿಯಲ್ಲಿ ನನ್ನ ಕೆಲಸ. ಬೆಳಿಗ್ಗೆ ಅವಳ ದೋಣಿಯಲ್ಲೇ ಹೋಗುವುದು, ಸಂಜೆ ಅದರಲ್ಲೇ ಬರುವುದು. ಹಾಗಾಗಿ ನಾನು ಹೇಳುತ್ತಿರುವುದೆಲ್ಲ ಕಣ್ಣಾರೆ ಕಂಡದ್ದು, ಕಟ್ಟೆಯ ಮೇಲೆ ಕೂತವರು ಕಟ್ಟಿದ ಕತೆಯಲ್ಲ.

ಭಾವ ದರ್ಜಿ. ಮನೆಯ ಮುಂದಿನ ಕೋಣೆಯ ಕಿಟಕಿಗೆ ಅವರ ಮಷೀನು, ಗೋಡೆಗೆ ಹೊಲಿದಿಟ್ಟ ಬಟ್ಟೆಗಳ ಕಪಾಟು, ಕಪಾಟಿನ ಕೆಳಗೆ ಅಕ್ಕನ ಪೆಟ್ರೋಲ್ ಟ್ಯಾಂಕು. ದೋಣಿಯಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ಯಾರಾದರೂ ಹೀರಿಕೊಂಡು ಹೋಗುತ್ತಾರೆಂದು ಅವಳು ದಿನಾ ಸಂಜೆ ಅದನ್ನು ಕೈಯಲ್ಲಿ ಹಿಡಿದೇ ಮನೆಗೆ ಬರುತ್ತಿದ್ದಳು. ಭಾವನಿಗೆ ನೀರೆಂದರೆ ಭಯ. ಕಟ್ಟೆಯ ಹಲಗೆ ಅಲ್ಲಾಡಿದರೇ ಅವರ ಗಂಟಲ ಪಸೆ ಆರುತ್ತದೆ. ಮಾತು ಕಡಿಮೆ. ಗಿರಾಕಿ ರೇಗಿದರೆ ಸೂಜಿಗೆ ದಾರ ಪೋಣಿಸುತ್ತ ಕೂತುಬಿಡುವ ಮನುಷ್ಯ.

ಹೀಗಿರುವಾಗ ಮೋಟಾರು ನಡುನೀರಿನಲ್ಲಿ ನಿಲ್ಲಲು ಶುರುವಾಯಿತು. ಕಟ್ಟೆ ಬಿಡುವಾಗ ಸರಿಯಾಗೇ ಇರುತ್ತಿತ್ತು. ಹೊಳೆಯ ಮಧ್ಯಕ್ಕೆ ಹೋದದ್ದೇ ಎರಡು ಸಲ ಕೆಮ್ಮಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಅಕ್ಕ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ನೋಡುವಳು, ಇರುತ್ತಿತ್ತು. ಮುಚ್ಚಿ ಮೋಟಾರಿನ ಹಗ್ಗ ಎಳೆದರೆ ಏನೂ ಆಗೇ ಇಲ್ಲವೆಂಬಂತೆ ಶುರುವಾಗುವುದು. ಬರುವಾಗ ಮತ್ತೆ ಅದೇ ರಾಮಾಯಣ. ಟ್ಯಾಂಕು ತುಂಬಿಸಿದ ದಿನವಂತೂ ಇನ್ನೂ ಬೇಗ ನಿಲ್ಲುತ್ತಿತ್ತು.

ಉಪದೇಶಕ್ಕೇನು ಬರವೇ? ಒಬ್ಬ ಪ್ಲಗ್ಗು ಬದಲಿಸು ಎಂದ, ಬದಲಿಸಿದಳು. ಪೆಟ್ರೋಲಿನಲ್ಲಿ ನೀರಿದೆ ಎಂದ ಇನ್ನೊಬ್ಬ. ಎಲ್ಲ ಬಗ್ಗಿಸಿ ಬಟ್ಟೆಯಲ್ಲಿ ಸೋಸಿದಳು. ಮೋಟಾರಿನಡಿ ನೀರಲ್ಲಿ ತಿರುಗುವ ಫ್ಯಾನಿಗೆ ಬಲೆಯ ದಾರ ಸುತ್ತಿಕೊಂಡಿದೆಯೇನೋ ಎಂದು ಎದೆಮಟ್ಟದ ನೀರಿನಲ್ಲಿ ನಿಂತು ತಡಕಿದಳು. ಕೊನೆಗೆ ಮೋಟಾರನ್ನೇ ಹೆಗಲ ಮೇಲೆ ಹೊತ್ತು ಮೆಕ್ಯಾನಿಕ್ಕಿನ ಹತ್ತಿರ ಹೋದಳು. ಅವನು ನೀರು ತುಂಬಿದ ಡ್ರಮ್ಮಿಗೆ ಅದನ್ನು ಬಿಗಿದು, ತನ್ನದೇ ಟ್ಯಾಂಕು ಜೋಡಿಸಿ ಓಡಿಸಿದ. ಅದು ನಿಲ್ಲುವ ಲಕ್ಷಣವೇ ಇಲ್ಲ.

“ಇಲ್ಲಿ ಚೆನ್ನಾಗೇ ಓಡ್ತಿದೆಯಲ್ಲಕ್ಕಾ.”

“ಇಲ್ಲಿ ಓಡಿ ನಾನೇನು ಮಾಡ್ಲಿ? ಜನ ನಿನ್ನ ಡ್ರಮ್ಮು ದಾಟಬೇಕಾ?”

“ಹಾಗಾದ್ರೆ ವಯಸ್ಸಾಯ್ತು ಬಿಡಿ ಅದಕ್ಕೆ.”

“ವಯಸ್ಸಾದವರು ಮೆಟ್ಟಿಲು ಹತ್ತೋವಾಗ ನಿಲ್ತಾರೆ. ಸರಿಯಾಗಿ ಮಧ್ಯಕ್ಕೇ ಬಂದು ನಿಲ್ಲೋದು ವಯಸ್ಸಲ್ಲ ಕಣೋ, ಬೇರೆ ಏನೋ,” ಎಂದು ಅಕ್ಕ ಮತ್ತೆ ಮೋಟಾರು ಹೊತ್ತುಕೊಂಡು ಬಂದಳು.

ದೋಣಿ ಸಂಘದ ಅಧ್ಯಕ್ಷರಿಗೆ ಬೇಕಾಗಿದ್ದೂ ಇದೇ. ಅವರ ಹೆಂಡತಿಯ ತಮ್ಮ ಹೊಸ ದೋಣಿ ಮಾಡಿಸಿಕೊಂಡು ಜನರನ್ನು ದಾಟಿಸುವ ಸರದಿಯೊಂದು ಖಾಲಿಯಾಗುವುದನ್ನೇ ಕಾಯುತ್ತಿದ್ದ. ಅಧ್ಯಕ್ಷರು ಎಲ್ಲರ ಎದುರಿಗೇ ಹೇಳಿದರು: “ಜನರ ಪ್ರಾಣದ ಪ್ರಶ್ನೆ ಇದು. ಸೋಮವಾರ ಬೆಳಿಗ್ಗೆ ನಾನೇ ನಿನ್ನ ದೋಣಿ ಹತ್ತುತೀನಿ. ಅವತ್ತು ನಡುನೀರಲ್ಲಿ ನಿಂತ್ರೆ ನಿನ್ನ ಸರದಿ ಅವನಿಗೆ.”

“ಹತ್ತಿ,” ಎಂದಳು ಅಕ್ಕ. “ತಲೆ ಬಿಸಿಯಾಗತ್ತೆ, ಟೋಪಿ ಹಾಕ್ಕೊಂಡು ಬನ್ನಿ.”

ಮನೆಯಲ್ಲಿ ಭಾವ ತಲೆಯೆತ್ತದೆ ಹೇಳಿದರು: “ಬಿಟ್ಟುಬಿಡು ಅತ್ಲಾಗೆ. ಗುಂಡಿ ಹೊಲಿಯೋ ಕೆಲಸ ಬೇಕಾದಷ್ಟಿದೆ. ಮನೇಲೇ ಕೂತ್ಕೊಂಡು ಮಾಡಬಹುದು.”

“ನೀವು ಹೊಳೆಗೆ ಹೋಗಿ, ನಾನು ಮನೇಲಿ ಕೂತ್ಕೋತೀನಿ,” ಎಂದಳು ಅಕ್ಕ. ಭಾವ ಮಷೀನು ತುಳಿಯತೊಡಗಿದರು.

ಸೋಮವಾರ ಅಧ್ಯಕ್ಷರು ನಿಜವಾಗಿಯೂ ಟೋಪಿ ಹಾಕಿಕೊಂಡು ಬಂದು ಮುಂದಿನ ಹಲಗೆಯ ಮೇಲೆ ಕೂತರು. ಅವರ ಬಾಮೈದ ತನ್ನ ಹೊಸ ದೋಣಿಯಲ್ಲಿ ಹಗ್ಗ ಸುರುಳಿ ಸುತ್ತಿಟ್ಟುಕೊಂಡು ಹಿಂದೆಯೇ ಬಂದ. ಅಕ್ಕನ ಮುಖ ಕಲ್ಲು. ಹೊಳೆಯ ಮಧ್ಯಕ್ಕೆ ಬಂದೆವು. ಮೋಟಾರು ಎರಡು ಸಲ ಕೆಮ್ಮಿ ನಿಂತಿತು.

ಬಾಮೈದ ಹತ್ತಿರ ಬಂದು ಹಗ್ಗ ಎಸೆಯಲು ಕೈಯೆತ್ತಿದ.

“ಹಗ್ಗ ಈ ದೋಣಿಗೆ ಬಿತ್ತು ಅಂದ್ರೆ ಅದ್ರಲ್ಲೇ ನಿನ್ನ ಕಟ್ಟಿಹಾಕ್ತೀನಿ!” ಎಂದು ಅಕ್ಕ ಕೂಗಿದಳು. ಅವನು ಕೈ ಇಳಿಸಿದ.

ಬೇರೆ ದಿನಗಳಲ್ಲಾದರೆ ಮೋಟಾರು ನಿಂತ ತಕ್ಷಣ ಅವಳ ಕೈ ಮೊದಲು ಮುಚ್ಚಳಕ್ಕೆ ಹೋಗುತ್ತಿತ್ತು. ಅವತ್ತು ಹೋಗಲಿಲ್ಲ. ಮೆಕ್ಯಾನಿಕ್ಕು ಓಡಿಸಿ ತೋರಿಸಿದ್ದು ಅವನದೇ ಟ್ಯಾಂಕಿನಿಂದ ಎಂಬುದು ಅವಳಿಗೆ ಆಗ ಹೊಳೆದಿರಬೇಕು. ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪಿನ ನಡುವೆ, ಪೆಟ್ರೋಲ್ ಒತ್ತಿ ಕಳಿಸಲು ಒಂದು ರಬ್ಬರ್ ಉಂಡೆ ಇರುತ್ತದೆ. ಅವಳು ಅದನ್ನು ಹಿಡಿದು ನೋಡಿದಳು. ಚೀಪಿ ಬಿಸಾಡಿದ ಹಣ್ಣಿನ ಹಾಗೆ ಚಪ್ಪಟೆಯಾಗಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ಮುಚ್ಚಳ ತಿರುಗಿಸಿದಳು. ಸುಯ್ ಎಂದು ಸದ್ದಾಯಿತು. ಅವಳ ಎಡಗೈಯೊಳಗೆ ಉಂಡೆ ತಾನಾಗಿಯೇ ಉಬ್ಬಿಕೊಂಡಿತು.

ಅಕ್ಕ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಅದರ ನಡುವೆ ಸಣ್ಣದೊಂದು ಗಾಳಿತೂತು. ಅದಕ್ಕಿದ್ದ ತಿರುಪು ಎಂದೋ ಕಳಚಿ ಹೋಗಿತ್ತು, ತೂತು ಮಾತ್ರ ಇತ್ತು. ಪೆಟ್ರೋಲ್ ಹೊರಗೆ ಹೋದಷ್ಟೂ ಆ ತೂತಿನಿಂದ ಒಳಗೆ ಗಾಳಿ ಬರಬೇಕು. ಬರದಿದ್ದರೆ ಮೋಟಾರು ಎಷ್ಟು ಹೀರಿದರೂ ಟ್ಯಾಂಕು ಕೊಡುವುದಿಲ್ಲ. ಅಕ್ಕ ತಲೆಯ ಪಿನ್ನು ಕಿತ್ತು ತೂತಿಗೆ ಚುಚ್ಚಿದಳು. ಗುಲಾಬಿ ಬಣ್ಣದ ಮೆದು ಚೂರೊಂದು ಹೊರಬಂತು. ಅಂದರೆ, ಏನಾಗಿದೆ ಎಂದು ಮುಚ್ಚಳ ತೆಗೆದು ನೋಡಿದಾಗೆಲ್ಲ ಗಾಳಿ ಒಳಗೆ ಹೋಗಿ, ನೋಡುವಷ್ಟರಲ್ಲಿ ಕಾಯಿಲೆ ವಾಸಿಯಾಗಿರುತ್ತಿತ್ತು!

“ಏನದು?” ಅಧ್ಯಕ್ಷರು ಕತ್ತು ಚಾಚಿದರು.

“ಸೋಪು.”

“ಸೋಪಾ? ಯಾರು ತುರುಕಿದ್ದು?”

ದೋಣಿಯಲ್ಲಿದ್ದವರೆಲ್ಲ ಒಟ್ಟಿಗೇ ಬಾಮೈದನ ಕಡೆ ತಿರುಗಿದರು. ಅವನು ಅಧ್ಯಕ್ಷರಿಗೆ ಕೈ ಮುಗಿದ. “ಭಾವಾ, ನಾನಲ್ಲ! ನಿಮ್ಮಾಣೆ!”

ಅಕ್ಕ ಸುಮ್ಮನಿದ್ದುಬಿಟ್ಟಿದ್ದರೆ ಅವತ್ತೇ ಅವನ ಮಾನ ಹೊಳೆಪಾಲಾಗುತ್ತಿತ್ತು. ಸುಮ್ಮನಿರಲಿ ಎಂದು ನನಗೂ ಅನ್ನಿಸಿತು, ಸುಳ್ಳೇಕೆ. ಆದರೆ ಆ ಗುಲಾಬಿ ಚೂರು ನಮ್ಮಿಬ್ಬರಿಗೂ ಗೊತ್ತಿತ್ತು. ಸ್ನಾನದ ಸೋಪು ಸವೆದು ತೆಳ್ಳಗಾದ ಮೇಲೆ ಭಾವ ಅದನ್ನು ಒಣಗಿಸಿಟ್ಟುಕೊಂಡು ಕಪ್ಪು ಬಟ್ಟೆಗೆ ಗೆರೆ ಎಳೆಯುತ್ತಾರೆ.

“ಅವನಲ್ಲ,” ಎಂದಳು ಅಕ್ಕ. “ನಮ್ಮನೆ ಸೋಪಿದು. ಮನೆ ವಿಷಯ ಮನೇಲಿ ನೋಡ್ಕೋತೀನಿ.”

ಮೋಟಾರಿನ ಹಗ್ಗ ಎಳೆದಳು. ಮೋಟಾರು ಶುರುವಾಯಿತು. ಅಧ್ಯಕ್ಷರು ಟೋಪಿ ಸರಿಮಾಡಿಕೊಂಡು, “ಏನೇ ಇರ್ಲಿ, ನಿಂತಿದ್ದು ನಿಂತಿದ್ದೇ. ಮಾತು ಅಂದ್ರೆ ಮಾತು,” ಎಂದರು.

ಅಕ್ಕ ಆಚೆ ದಡದಲ್ಲಿ ಜನರನ್ನೆಲ್ಲ ಇಳಿಸಿದಳು. ಅಧ್ಯಕ್ಷರು ಏಳುವಷ್ಟರಲ್ಲಿ ದೋಣಿ ಹಿಂದಕ್ಕೆ ಸರಿದಾಗಿತ್ತು.

“ಏ, ಎಲ್ಲಿಗೆ?”

“ಪರೀಕ್ಷೆ ಮಾಡೋಕೆ ಬಂದಿದೀರಲ್ಲ, ಪೂರ್ತಿ ಮಾಡಿ. ಟ್ಯಾಂಕು ಪೂರ್ತಿ ತುಂಬಿದೆ. ತೀರೋತನಕ ಓಡಿಸ್ತೀನಿ. ಎಲ್ಲಿ ನಿಲ್ಲತ್ತೋ ನೋಡಿ.”

ಕೆಲಸಕ್ಕೆ ತಡವಾದರೆ ಆಗಲಿ ಎಂದು ನಾನು ಇಳಿದಿರಲಿಲ್ಲ. ಅಂಥ ಬೆಳಗು ಮತ್ತೆ ಸಿಗುತ್ತದೆಯೇ? ಈ ದಡ, ಆ ದಡ, ಮತ್ತೆ ಈ ದಡ. ಎರಡೂ ಕಟ್ಟೆಗಳಲ್ಲಿ ಜನ ಸೇರಿದರು. ಮೋಟಾರು ಒಮ್ಮೆಯೂ ಕೆಮ್ಮಲಿಲ್ಲ. ಅಧ್ಯಕ್ಷರು ಮೊದಲು ಬೈದರು, ಆಮೇಲೆ ಗೊಣಗಿದರು, ಆಮೇಲೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಣ್ಣ ದನಿಯಲ್ಲಿ, “ಸಾಕಮ್ಮಾ. ಸರದಿ ನಿನ್ನದೇ,” ಎಂದರು.

“ಮೋಟಾರು ಸದ್ದಲ್ಲಿ ಕೇಳಲಿಲ್ಲ. ಜೋರಾಗಿ ಹೇಳಿ. ಕಟ್ಟೆಯವರಿಗೂ ಕೇಳಲಿ.”

ಅವರು ಎದ್ದು ನಿಂತು ಕೂಗಿ ಹೇಳಿದರು. ಕಟ್ಟೆಯವರು ಸಿಳ್ಳೆ ಹಾಕಿದರು.

ಸಂಜೆ ಅಕ್ಕ ಆ ಚೂರನ್ನು ತಂದು ಮಷೀನಿನ ಹಲಗೆಯ ಮೇಲಿಟ್ಟಳು. ಹೊಳೆಯಲ್ಲಿ ಕಾಣದಿದ್ದ ನಡುಕ ಅವಳ ದನಿಯಲ್ಲಿ ಈಗ ಇತ್ತು. “ಬೇಕು ಅಂತಲೇ ಮಾಡಿದ್ರಾ? ನಾನು ಮನೇಲಿ ಕೂತ್ಕೊಳ್ಳಲಿ ಅಂತ?”

ಭಾವ ಕತ್ತರಿ ಕೆಳಗಿಟ್ಟರು. “ಅಯ್ಯೋ! ಹೋಟೆಲ್ ಯಜಮಾನರು ಸಪ್ಲೈಯರ್ ಹುಡುಗರ ಅಂಗಿಗಳನ್ನ ವಾಪಸ್ ತಂದಿದ್ರು ಕಣೇ. ಇವರು ಊಟ ಬಡಿಸ್ತಾರೋ ಪೆಟ್ರೋಲ್ ಹಾಕ್ತಾರೋ ಅಂತ ಗಿರಾಕಿಗಳು ಕೇಳ್ತಾರಂತೆ. ವಾಸನೆ ಬರೋ ತೂತು ಇದೇ ಅಂತ ಮುಚ್ಚಿದೆ. ಅದು ಗಾಳಿಗೆ ಬಿಟ್ಟ ತೂತು ಅಂತ ನಂಗೇನು ಗೊತ್ತು? ಮುಚ್ಚಿದ್ದೂ ಮರೆತೇಹೋಯ್ತು.”

“ಮತ್ತೆ ಬಿಟ್ಟುಬಿಡು ಅಂದಿದ್ದು?”

ಭಾವ ಕಿಟಕಿಯ ಕಡೆ ನೋಡಿದರು. “ಅದು ನಿಜವಾಗ್ಲೂ ಅಂದಿದ್ದೇ. ಮೋಟಾರು ಸದ್ದು ಇಲ್ಲಿಗೆ ಕೇಳತ್ತೆ. ಅದು ನಡುವೆ ನಿಂತಾಗೆಲ್ಲ ನನ್ನ ಹೊಲಿಗೆ ಸೊಟ್ಟಗಾಗ್ತಿತ್ತು.”

ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಭಾವನೂ ನೋಡಿದರು. ಆದರೆ ದನಿ ಮಾತ್ರ ಇಳಿಯಲಿಲ್ಲ. “ಟ್ಯಾಂಕು ಇಲ್ಲೇ ಇರತ್ತೆ. ಆ ತೂತಿಗೆ ಇನ್ನು ಯಾರೂ ಕೈ ಹಾಕೋ ಹಾಗಿಲ್ಲ.”

ಮರುದಿನ ಭಾವ ದಪ್ಪ ಬಟ್ಟೆಯಲ್ಲಿ ಟ್ಯಾಂಕಿಗೊಂದು ಗವಸು ಹೊಲಿದರು. ಮುಚ್ಚಳದ ತೂತಿನ ನೇರಕ್ಕೆ, ಅಂಗಿಗೆ ಹಾಕುವಷ್ಟೇ ನೀಟಾಗಿ ಒಂದು ಕಾಜಾ ತೆಗೆದಿದ್ದರು. ವಾಸನೆ ಅದರಿಂದೇನೂ ಕಡಿಮೆಯಾಗಲಿಲ್ಲ.

ವಾರ ಕಳೆದು ಹೋಟೆಲ್ ಯಜಮಾನರು ಬಂದು ಹೊಸ ಅಂಗಿಯೊಂದನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದರು. “ಏನ್ರೀ ಇದು, ಇನ್ನೂ ಪೆಟ್ರೋಲ್ ವಾಸನೆ ಹೊಡೀತಿದೆಯಲ್ಲ?”

ಆಗಷ್ಟೇ ಹೊಳೆಯ ಕಡೆಯಿಂದ ಮೋಟಾರಿನ ಸದ್ದು ಕೇಳತೊಡಗಿತ್ತು. ಭಾವ ಸೂಜಿಗೆ ದಾರ ಪೋಣಿಸಲು ಹೋಗಲಿಲ್ಲ. ಮಷೀನು ನಿಲ್ಲಿಸಿ ತಲೆಯೆತ್ತಿದರು.

“ಹೊಡೆಯತ್ತೆ ಸಾರ್. ಇದು ಕ್ಯಾಪ್ಟನ್ ಮನೆ. ಆಗೋದಿಲ್ಲ ಅಂದ್ರೆ ಬೇರೆ ದರ್ಜಿ ನೋಡ್ಕೊಳ್ಳಿ.”