ತಂಗಿಯ ಹಲ್ಲು ಸರಿದ ವರ್ಷ

ನನಗೂ ನನ್ನ ತಂಗಿಗೂ ಅಪ್ಪನಿಂದ ಸಮಪಾಲಾಗಿ ಬಂದ ಆಸ್ತಿಯೆಂದರೆ ಮುಂದಿನ ಉಬ್ಬು ಹಲ್ಲು. ಧಾರವಾಡದ ನಮ್ಮ ಓಣಿಯಲ್ಲಿ ಇಬ್ಬರೂ ಜೊತೆಯಾಗಿ ಹೊರಟರೆ ಹುಡುಗರು, "ತುರಿಮಣಿ ಬಂದ್ವು, ಕೊಬ್ಬರಿ ತರ್ರೀ!" ಎಂದು ಕೂಗುತ್ತಿದ್ದರು. ನಗು ಬಂದರೆ ಕೈ ಬಾಯಿಗೆ ಹೋಗುವುದು ಆಗಲೇ ರೂಢಿಯಾಯಿತು. ಮದುವೆಯಾಗಿ ನಾನು ಘಾಟ್ಕೋಪರಿಗೆ ಬಂದೆ, ಅವಳು ಪವಾಯಿಗೆ. ನನ್ನ ಮದುವೆಯ ಫೋಟೋದಲ್ಲಿ ನಾನು ತುಟಿ ಬಿಗಿದು ನಿಂತಿದ್ದೇನೆ. ಅವಳ ಫೋಟೋದಲ್ಲಿ ಅವಳೂ ಹಾಗೆಯೇ. ದೇವರು ಕೊಟ್ಟ ಬಾಯಿ, ಅನ್ನ ತಿನ್ನಲು ಬರುತ್ತದೆ, ಅವನ ಹೆಸರು ಹೇಳಲು ಬರುತ್ತದೆ, ಸಾಕು ಎಂದುಕೊಂಡಿದ್ದೆ. ಸಾಕು ಎನ್ನುವುದು ಸುಲಭವಾಗಿತ್ತು, ಯಾಕೆಂದರೆ ಅವಳಿಗೂ ಅಷ್ಟೇ ಇತ್ತು.

ಕಳೆದ ವರ್ಷ, ನಲವತ್ತು ದಾಟಿದ ಮೇಲೆ, ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋದಳು. ನನಗೆ ಒಂದು ಮಾತೂ ಹೇಳದೆ. ಚಿಕಿತ್ಸೆ ಶುರುವಾದ ಮೇಲೆ ನಮ್ಮ ಮನೆಗೆ ಬಂದಾಗ ಹೇಳಿದಳು.

"ಈ ವಯಸ್ಸಿನಾಗ ತಂತಿ ಹಾಕಸ್ಕೊಂಡ್ಯೇನ?" ಎಂದೆ.

"ತಂತಿ ಎಲ್ಲೀದಕ್ಕಾ! ಪೆನ್ನಿನಂಥಾದ್ದೊಂದು ಬಾಯಾಗ ಆಡಸ್ತಾರ, ಎಲ್ಲಾ ಹಲ್ಲು ಕಂಪ್ಯೂಟರ್‌ದಾಗ ಮೂಡ್ತಾವ. ಅದನ್ನ ನೋಡಿ ಹಲ್ಲು ಹಿಂದಕ್ಕ ಸರಸೋ ಟ್ರೇ ಪ್ರಿಂಟ್ ಮಾಡ್ತಾರ."

ಬಾಯಿಯಿಂದ ಅದನ್ನು ತೆಗೆದು ತೋರಿಸಿದಳು. ಗಾಜಿನಂತೆ ಹೊಳೆಯುವ ತೆಳ್ಳನೆಯ ಪ್ಲಾಸ್ಟಿಕ್, ಹಲ್ಲಿಗೆ ತೊಡಿಸಿದ ಅಂಗಿಯ ಹಾಗೆ. "ಎರಡು ವಾರಕ್ಕೊಂದು ಬದಲಿ. ಊಟಕ್ಕ ತೆಗೀಬೇಕು, ತಣ್ಣೀರಾಗ ತೊಳೀಬೇಕು. ಬಿಸಿನೀರು ಮಾತ್ರ ತಾಗಸಬಾರದು, ಮುರುಟತದ."

ಆಮೇಲೆ, ಕೊನೆಗೆ ಹಲ್ಲು ಹೇಗಾಗುತ್ತವೆಂದು ತೋರಿಸಲು ಫೋನು ತೆಗೆದಳು. ಅದರ ಪರದೆಯ ಮೇಲೆ ಅವಳ ಹಲ್ಲುಗಳು ಮೆಲ್ಲಗೆ ಹಿಂದೆ ಸರಿದು ಸಾಲಾಗಿ ನಿಂತವು. ಅವು ನನ್ನ ಹಲ್ಲುಗಳೂ ಆಗಿದ್ದವು. ನನ್ನನ್ನು ಬಿಟ್ಟು ಹೊರಟಿದ್ದವು.

"ಛಂದ ಅದ," ಎಂದೆ. ಒಗ್ಗರಣೆಯ ನೆಪ ಹೇಳಿ ಒಳಗೆ ಎದ್ದು ಹೋದೆ.

ಬಂದಾಗಲೆಲ್ಲ ಅವಳ ಮುಖ ಸ್ವಲ್ಪ ಬದಲಾಗಿರುತ್ತಿತ್ತು. ಮಾಟುಂಗದ ಗುಡಿಯಲ್ಲಿ ದೇವಿಯ ಎದುರು ನಿಂತು ನಾನು ನೋಡಿದ್ದು ಪಕ್ಕದಲ್ಲಿದ್ದ ಅವಳ ಬಾಯನ್ನು. ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡೆ. ಮತ್ತೆ ನೋಡಿದೆ.

ಶ್ರಾವಣ ಶುಕ್ರವಾರ ಅವಳನ್ನು ಮುತ್ತೈದೆ ಊಟಕ್ಕೆ ಕರೆದೆ. ದೇವರ ದಯೆ, ಆ ದಿನ ನಲ್ಲಿಯಲ್ಲಿ ಹತ್ತು ನಿಮಿಷ ಹೆಚ್ಚು ನೀರು ಬಂತು, ಒಂದು ಹೋಳಿಗೆಯೂ ಹರಿಯಲಿಲ್ಲ. ಅವಳು ಟ್ರೇಯ ಡಬ್ಬಿ ಮರೆತು ಬಂದಿದ್ದಳು. ಬಾಯಿಯಿಂದ ಟ್ರೇ ತೆಗೆದು ಅಡಿಗೆಮನೆಯ ಒಂದು ಸ್ಟೀಲ್ ಬಟ್ಟಲಲ್ಲಿ ಇಟ್ಟು ಎಲೆಯ ಮುಂದೆ ಕೂತಳು. ಊಟವಾದ ಮೇಲೆ ಅವಳನ್ನು ಸಾಕ್ಷಾತ್ ಲಕ್ಷ್ಮಿಯೆಂದು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದೆ.

ಆಮೇಲೆ ಒಳಗೆ ಬಂದು ಪಾತ್ರೆ ಎತ್ತತೊಡಗಿದೆ. ಪೂಜೆಯ ದಿನ ನಮ್ಮಲ್ಲಿ ಎಂಜಲ ಬಟ್ಟಲಿಗೆ ಮೊದಲು ಕುದಿನೀರು ಹಾಕುವ ಪದ್ಧತಿ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಆ ನೀರಿನ ಪಾತ್ರೆ ಎತ್ತಿದಾಗ ಅವಳ ಮಾತು ನೆನಪಿರಲಿಲ್ಲ. ಟ್ರೇ ಇದ್ದ ಬಟ್ಟಲಿಗೆ ಬಗ್ಗಿಸುವಾಗ ನೆನಪಾಯಿತು. ಕೈ ತಡೆಯಬಹುದಿತ್ತು. ತಡೆಯಲಿಲ್ಲ.

"ಅಯ್ಯ ಅಕ್ಕಾ, ಇದೇನ ಮಾಡಿದಿ!" ತಂಗಿ ಬಾಗಿಲಲ್ಲಿ ನಿಂತಿದ್ದಳು. ಟ್ರೇ ಸುಟ್ಟ ಹಪ್ಪಳದಂತೆ ಅಂಚು ಒಳಗೆ ಮಡಚಿಕೊಂಡಿತ್ತು.

"ಎಂಜಲಿತ್ತಂತ..." ಎಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಅವಳು ನಂಬುತ್ತಿದ್ದಳು. ಆದರೆ ಅವಳ ಉಡಿಯಲ್ಲಿ ನಾನೇ ಹಾಕಿದ ಅಕ್ಕಿ ಇನ್ನೂ ಇತ್ತು. "ಇಲ್ಲ. ನೆನಪಾಗಿತ್ತು. ನೆನಪಾದ್ರೂ ಸುರುವಿದೆ. ನೀ ಒಬ್ಬಾಕಿನ ಛಂದ ಆಗಲಿಕತ್ತಿ ಅಂತ."

ಅವಳು ಬಟ್ಟಲಿನ ನೀರು ಚೆಲ್ಲಿ ಟ್ರೇ ಎತ್ತಿಕೊಂಡಳು. ಬಾಲ್ಕನಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ಅಷ್ಟು ಹೊತ್ತು ನಾನು ದೇವರ ಮುಂದೆ ನಿಂತಿದ್ದೆ. ತಂಗಿ ಇನ್ನು ಈ ಮನೆಗೆ ಬರುವಳೋ ಇಲ್ಲವೋ ಎಂಬುದೊಂದೇ ಚಿಂತೆ.

ಅವಳು ಒಳಗೆ ಬಂದಳು. "ಹಲ್ಲಿನ ಚಿತ್ರ ಕಂಪ್ಯೂಟರ್‌ದಾಗ ಹಂಗ ಇರತದಂತ. ಮತ್ತೊಂದು ಪ್ರಿಂಟ್ ಮಾಡಿ ಕೊಡ್ತಾರ. ಅಲ್ಲೀತನಕ ಹಿಂದಿನ ಟ್ರೇ ಹಾಕ್ಕೋ ಅಂದ್ರು." ಆಮೇಲೆ ಅಂದಳು, "ನಿನಗ ಮೊದಲ ಯಾಕ ಹೇಳಲಿಲ್ಲ ಗೊತ್ತೇನ? ಈ ವಯಸ್ಸಿನಾಗ ಶೋಕಿ ನೋಡು ಅಂತ ನೀ ನಗತಿದ್ದಿ."

"ನಾ ಯಾಕ ನಗಲಿ? ಇಬ್ರೂ ತುರಿಮಣಿ ಅಲ್ಲೇನು."

"ಈಗ ಒಂದ ತುರಿಮಣಿ, ಒಂದ ಲಟ್ಟಣಿಗಿ!"

ನನಗೆ ನಗು ತಡೆಯಲಿಲ್ಲ. ಕೈ ತಾನೇ ಬಾಯಿಗೆ ಹೋಯಿತು. ಅವಳೂ ನಕ್ಕಳು. ನೋಡುತ್ತೇನೆ, ಅವಳ ಕೈಯೂ ಬಾಯಿಯ ಮೇಲಿದೆ, ಆ ನೆಟ್ಟಗಿನ ಹಲ್ಲುಗಳನ್ನು ಮುಚ್ಚಿಕೊಂಡು.

ಹೊಟ್ಟೆಕಿಚ್ಚು ಹೋಯಿತೆಂದು ಸುಳ್ಳು ಹೇಳಲಾರೆ. ಅವಳ ಆ ಕೈ ನೋಡಿ ನನಗೆ ಸಂತೋಷವಾದದ್ದೂ ಹೊಟ್ಟೆಕಿಚ್ಚೇ ಇರಬೇಕು. ಸಂಜೆ ದೀಪ ಹಚ್ಚಿ ದಿನದ ಉಪಕಾರಗಳನ್ನು ಎಣಿಸುವಾಗ ನೀರು, ಹೋಳಿಗೆ, ಮತ್ತೆ ಸಿಗುವ ಟ್ರೇ, ಎಲ್ಲವನ್ನೂ ನೆನೆದೆ. ಆದರೆ ಮೊದಲು ಎಣಿಸಿದ್ದು ಆ ಕೈಯನ್ನು.